ಸ್ಟಾಪರ್ ನಿಲ್ಲುವ ಜಾಗ

ನಮ್ಮ ಕಾಲೇಜಿನ ಮೈದಾನದಲ್ಲಿ ರಸ್ತೆಯ ಕಡೆಗಿದ್ದ ಗೋಲಿನ ಮುಂದೆ ಒಂದು ತಗ್ಗು ಇತ್ತು. ಜೂನ್‌ನಲ್ಲಿ ಅದರಲ್ಲಿ ನಿಂತ ಕೆಂಪು ನೀರು ದಸರಾ ರಜೆಯವರೆಗೆ ಆರುತ್ತಿರಲಿಲ್ಲ. ಆ ತಗ್ಗಿನಿಂದ ಐದಾರು ಮಾರು ಮುಂದೆ, 1993ರಿಂದ 1996ರವರೆಗೆ, ಬಿ.ಕಾಂ. ಓದುತ್ತಿದ್ದ ಮೂರೂ ವರ್ಷ ನಾನು ನಿಂತಿದ್ದೆ. ನನ್ನದು ಸ್ಟಾಪರ್ ಸ್ಥಾನ. ಗೋಲ್ ಕೀಪರ್‌ನನ್ನು ಬಿಟ್ಟರೆ ತಂಡದ ಕೊನೆಯ ಮನುಷ್ಯ.

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿನಿ ಫೋನ್ ಮಾಡಿದಾಗ ಮೊದಲು ನೆನಪಾದದ್ದು ತರಗತಿಗಳಲ್ಲ, ಆ ತಗ್ಗು. ಅದರ ಪಕ್ಕದಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು, ನಮ್ಮ ಪಿ.ಡಿ. ಸರ್.

ಸರ್ ಭದ್ರಾವತಿಯವರು. ಅವರ ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದವರು. ಮಗ ಕಾರ್ಖಾನೆಯ ಕ್ವಾರ್ಟರ್ಸ್‌ನಲ್ಲಿ ಚೆಂಡು ಒದೆಯುತ್ತ ಬೆಳೆದವರು. ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದು ಆರು ಗಂಟೆಗೆ ಸೀಟಿ ಊದುತ್ತಿದ್ದರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಿಂದ ಬಂದು ಹಾಸ್ಟೆಲ್ ಸೇರಿದ್ದ ನನಗೆ ಫುಟ್‌ಬಾಲ್ ಅಂದರೆ ಜೋರಾಗಿ ಒದೆಯುವುದು ಎಂದಷ್ಟೇ ಗೊತ್ತಿತ್ತು. ಎತ್ತರ ಇದ್ದೇನೆ ಎಂಬ ಒಂದೇ ಕಾರಣಕ್ಕೆ ಸರ್ ನನ್ನನ್ನು ಹಿಂದೆ ನಿಲ್ಲಿಸಿದರು. ಮುಂದೆ ಆಡಿ ಗೋಲು ಹೊಡೆಯುವ ಆಸೆ ನನಗಿತ್ತು. ಅದನ್ನು ಹೇಳಿಯೂ ಬಿಟ್ಟೆ. ಅವರು ಕೋಪಿಸಿಕೊಳ್ಳಲಿಲ್ಲ. "ಹದಿನೈದು ದಿನ ಇಲ್ಲಿ ನಿಂತು ನೋಡು. ಆಮೇಲೂ ಬೇಡ ಅನ್ನಿಸಿದರೆ ಬಂದು ಹೇಳು" ಎಂದರು. ನಾನು ಮತ್ತೆ ಹೋಗಿ ಹೇಳಲಿಲ್ಲ.

ಆ ಹದಿನೈದು ದಿನ ಅವರು ನನಗೆ ಚೆಂಡನ್ನು ಮುಟ್ಟಲು ಬಿಟ್ಟದ್ದೇ ಕಡಿಮೆ. ಭದ್ರಾವತಿಯ ಒಬ್ಬ ಚುರುಕು ಹುಡುಗ ಚೆಂಡು ತೆಗೆದುಕೊಂಡು ನನ್ನ ಮೇಲೆ ನುಗ್ಗಿ ಬರಬೇಕು, ನಾನು ಕಾಲು ಹಾಕದೆ ಹಿಂದಕ್ಕೆ ಸರಿಯುತ್ತ ಅವನನ್ನು ಗೆರೆಯ ಕಡೆಗೆ ತಳ್ಳಿಕೊಂಡು ಹೋಗಬೇಕು. ಮುಟ್ಟಬಾರದು, ಬೀಳಬಾರದು, ಬೆನ್ನು ಕೊಡಬಾರದು. "ಅವನ ಕಾಲು ಸುಳ್ಳು ಹೇಳುತ್ತದೆ, ಕಣ್ಣೂ ಸುಳ್ಳು ಹೇಳುತ್ತದೆ. ಸೊಂಟ ಸುಳ್ಳು ಹೇಳುವುದಿಲ್ಲ, ಅದನ್ನು ನೋಡು" ಎನ್ನುತ್ತಿದ್ದರು. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಆ ಹುಡುಗ ಎಡಕ್ಕೆ ವಾಲಿ ಬಲಕ್ಕೆ ತಿರುಗಿದಾಗ ನಾನು ಆಗಲೇ ಬಲಗಡೆ ನಿಂತಿದ್ದೆ. ಅವನಿಗೆ ಹೋಗಲು ದಾರಿ ಇರಲಿಲ್ಲ. ಸುಮ್ಮನೆ ನಿಂತುಬಿಟ್ಟ. ನಾನು ಚೆಂಡನ್ನು ಮುಟ್ಟಿಯೇ ಇರಲಿಲ್ಲ. ಸರ್ ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದರು. ಮಳೆ ಇನ್ನೂ ಬರುತ್ತಿತ್ತು.

ಎರಡನೆಯ ವರ್ಷ ಅಂತರ ಕಾಲೇಜು ಪಂದ್ಯವೊಂದರಲ್ಲಿ ನಾನು ನಮ್ಮದೇ ಗೋಲಿಗೆ ಚೆಂಡು ಹೊಡೆದೆ. ಬಲಗಡೆಯಿಂದ ಬಂದ ಕ್ರಾಸ್ ಅನ್ನು ತಡೆಯಲು ಹೋದೆ, ಒದ್ದೆ ನೆಲದಲ್ಲಿ ಕಾಲು ಜಾರಿತು, ಚೆಂಡು ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ನಾವು ಒಂದು ಗೋಲಿನಿಂದ ಸೋತೆವು. ಅದು 1994. ಆ ವರ್ಷದ ವಿಶ್ವಕಪ್‌ನಲ್ಲಿ ಕೊಲಂಬಿಯಾದ ಡಿಫೆಂಡರ್ ಆಂಡ್ರೆಸ್ ಎಸ್ಕೊಬಾರ್ ಅಮೆರಿಕದ ವಿರುದ್ಧ ತನ್ನದೇ ಗೋಲಿಗೆ ಚೆಂಡು ಹೊಡೆದು, ಊರಿಗೆ ಮರಳಿದ ಮೇಲೆ ಜುಲೈ 2ರಂದು ಮೆಡೆಯಿನ್ ನಗರದಲ್ಲಿ ಗುಂಡೇಟಿಗೆ ಬಲಿಯಾಗಿದ್ದ. ಸುದ್ದಿ ಓದಿದ ಎಲ್ಲರಿಗೂ ಅದು ಹಸಿಯಾಗಿತ್ತು. ಹಿಂದಿರುಗುವ ಬಸ್ಸಿನಲ್ಲಿ ಯಾರೂ ನನ್ನೊಡನೆ ಮಾತಾಡಲಿಲ್ಲ. ಸರ್ ಬಂದು ಪಕ್ಕದಲ್ಲಿ ಕೂತರು. ಶಿವಮೊಗ್ಗ ಬರುವವರೆಗೆ ಆ ಗೋಲಿನ ಸುದ್ದಿ ಎತ್ತಲಿಲ್ಲ. ಇಳಿಯುವಾಗ ಮಾತ್ರ, "ನಾಳೆ ಆರು ಗಂಟೆಗೆ. ಅದೇ ಜಾಗ" ಎಂದರು.

ಅದೇ ವಿಶ್ವಕಪ್‌ನ ಫೈನಲ್ ಅನ್ನು ನಾವು ನಾಲ್ವರು ಅವರ ಮನೆಯಲ್ಲಿ ನೋಡಿದ್ದೆವು. ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಮೇಡಂ ಮಂಡಕ್ಕಿ, ಕಾಫಿ ಮಾಡಿಕೊಟ್ಟು ಮಲಗಲು ಹೋದರು. ಇಟಲಿಯ ಫ್ರಾಂಕೊ ಬರೇಸಿ ಜೂನ್ 23ರಂದು ನಾರ್ವೆ ವಿರುದ್ಧ ಮೊಣಕಾಲು ಕೆಡಿಸಿಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಜುಲೈ 17ಕ್ಕೆ ಮೈದಾನಕ್ಕೆ ಮರಳಿದ್ದ. ಸರ್ ನಮಗೆ ಅವನೊಬ್ಬನನ್ನೇ ನೋಡಲು ಹೇಳಿದರು. "ಚೆಂಡನ್ನು ಊರೆಲ್ಲ ನೋಡುತ್ತದೆ. ನೀವು ಅವನನ್ನು ನೋಡಿ." ಬ್ರೆಜಿಲ್‌ಗೆ ಆ ರಾತ್ರಿ ಹೆಚ್ಚುವರಿ ಸಮಯ ಸೇರಿಯೂ ಒಂದು ಗೋಲು ಸಿಗಲಿಲ್ಲ. ಕೊನೆಗೆ ಪೆನಾಲ್ಟಿಯಲ್ಲಿ ಬರೇಸಿಯೇ ಚೆಂಡನ್ನು ಕಂಬದ ಮೇಲಿಂದ ಹೊಡೆದ. ಸರ್ ಟಿ.ವಿ. ಆರಿಸಿ ಬಹಳ ಹೊತ್ತು ಕತ್ತಲಲ್ಲಿ ಕೂತಿದ್ದರು.

ಬರೇಸಿಯ ಅದೃಷ್ಟ ದೊಡ್ಡದು. 1977ರಿಂದ 1997ರವರೆಗೆ ಇಡೀ ಬದುಕು ಮಿಲಾನ್ ಎಂಬ ಒಂದೇ ಕ್ಲಬ್ಬಿನಲ್ಲಿ ಕಳೆಯಿತು. ಹೆಚ್ಚಿನ ಡಿಫೆಂಡರ್‌ಗಳ ಬದುಕು ಹಾಗಿರುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ, ಬ್ಯಾಂಕಿನ ಕೆಲಸಕ್ಕೆ ಸೇರಿ, ನಾಲ್ಕಾರು ಊರು ವರ್ಗವಾಗಿ, ಬೆಂಗಳೂರಿಗೆ ಬಂದ ಮೇಲೆ.

2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣಕ್ಕೆ ನಾನು ಮೊದಲ ವರ್ಷದಿಂದಲೇ ಹೋಗತೊಡಗಿದೆ. ದೇಶದ ಅಂದಿನ ಮುಖ್ಯ ಲೀಗ್ ಆದ ಐ-ಲೀಗ್‌ನಲ್ಲಿ ಆಗ ಒಂದು ತಂಡಕ್ಕೆ ನಾಲ್ವರು ವಿದೇಶಿ ಆಟಗಾರರು. ಬಹಳ ತಂಡಗಳು ಆ ಜಾಗಗಳನ್ನು ಗೋಲು ಹೊಡೆಯುವವರಿಗೆ ಖರ್ಚು ಮಾಡುತ್ತಿದ್ದವು. ಬೆಂಗಳೂರು ಅವುಗಳಲ್ಲಿ ಎರಡನ್ನು ಹಿಂದೆ ನಿಲ್ಲುವವರಿಗೆ ಕೊಟ್ಟಿತ್ತು. ಒಬ್ಬ ಜಾನ್ ಜಾನ್ಸನ್. ಇಂಗ್ಲೆಂಡಿನ ಮಿಡಲ್ಸ್‌ಬರೋ ಊರಿನವನು, ಅದೇ ಊರಿನ ಕ್ಲಬ್ಬಿನಲ್ಲಿ ಬೆಳೆದು, ಅಲ್ಲಿ ನೆಲೆ ಸಿಗದೆ, ಕೆಳಗಿನ ಡಿವಿಷನ್ನಿನ ನಾರ್ಥಾಂಪ್ಟನ್ ಟೌನ್‌ಗೆ ಆಡಿದವನು. ಇನ್ನೊಬ್ಬ ಕರ್ಟಿಸ್ ಒಸಾನೊ. ಕೀನ್ಯಾದಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ರೆಡಿಂಗ್ ಕ್ಲಬ್ಬಿನ ಯುವ ತಂಡದಲ್ಲಿ ಕಲಿತು, ರಷ್ಡನ್ ಅಂಡ್ ಡೈಮಂಡ್ಸ್ ಸೇರಿದ. 2011ರಲ್ಲಿ ಆ ಕ್ಲಬ್ಬೇ ಮುಚ್ಚಿಹೋಯಿತು. ಅಲ್ಲಿಂದ ಲೂಟನ್, ಅಲ್ಲಿಂದ ಎಎಫ್‌ಸಿ ವಿಂಬಲ್ಡನ್, ಅಲ್ಲಿಂದ ಬೆಂಗಳೂರು. ಇವರಿಬ್ಬರಿಗೆ ಕೋಚ್ ಆಗಿ ಬಂದ ಆ್ಯಶ್ಲಿ ವೆಸ್ಟ್‌ವುಡ್ ಕೂಡ ಡಿಫೆಂಡರ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಹುಡುಗನಾಗಿ ಕಲಿತು, ಕ್ರೂ, ಬ್ರಾಡ್‌ಫರ್ಡ್, ಷೆಫೀಲ್ಡ್ ವೆನ್ಸ್‌ಡೇ ಎಂದು ಒಂದರ ಹಿಂದೊಂದು ಕ್ಲಬ್ ಸುತ್ತಿದವನು. ಆ ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ಮಡಗಾಂವ್‌ನಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಬೆಂಗಳೂರು ಐ-ಲೀಗ್ ಗೆದ್ದಿತು.

ನಮ್ಮ ತೋಟಕ್ಕೆ ಪ್ರತಿವರ್ಷ ಕೊಯ್ಲಿನ ಹೊತ್ತಿಗೆ ಅಡಿಕೆ ಗೊನೆ ಇಳಿಸಲು ಬರುತ್ತಿದ್ದ ಕೊನೆಗಾರ ನನಗೆ ಆ ಗ್ಯಾಲರಿಯಲ್ಲಿ ಕೂತಾಗ ನೆನಪಾಗುತ್ತಿದ್ದ. ಕತ್ತಿ, ಹಗ್ಗ, ಕಾಲಿಗೆ ಹಾಕುವ ತಳೆ, ಇಷ್ಟೇ ಅವನ ಸಾಮಾನು. ಒಂದು ಮರ ಹತ್ತಿದರೆ ಇಳಿಯದೆ ಬಗ್ಗಿಸಿಕೊಂಡು ಪಕ್ಕದ ಮರಕ್ಕೆ ದಾಟುತ್ತಿದ್ದ. ಈ ವಾರ ನಮ್ಮ ತೋಟ, ಮುಂದಿನ ವಾರ ಇನ್ನೊಬ್ಬರದು. ಯಾರ ತೋಟವಾದರೇನು, ಗೊನೆಯನ್ನು ನೆಲಕ್ಕೆ ಬೀಳಿಸದೆ ಹಗ್ಗದಲ್ಲಿ ಇಳಿಸುತ್ತಿದ್ದ. ಅವನ ಕೈಯಲ್ಲಿ ಒಂದು ಗೊನೆ ಚದುರಿದ್ದನ್ನು ಅಪ್ಪ ಕಂಡಿರಲಿಲ್ಲ. ತನ್ನದಲ್ಲದ ತೋಟದಲ್ಲಿ ತನ್ನದೆಂಬಂತೆ ದುಡಿಯುವ ಆ ಗುಣ ಜಾನ್ಸನ್ ಆಟದಲ್ಲಿ ನನಗೆ ಕಾಣುತ್ತಿತ್ತು. ಭಾಷೆ ಬಾರದ ಊರು, ಕೃತಕ ಹುಲ್ಲಿನ ಮೈದಾನ, ವರ್ಷ ವರ್ಷಕ್ಕೆ ಒಪ್ಪಂದ. ಆದರೂ ಐದು ಋತು ಅವನು ಇಲ್ಲೇ ನಿಂತ.

2016ರ ಅಕ್ಟೋಬರ್‌ನಲ್ಲಿ ಸರ್ ಕಣ್ಣು ತೋರಿಸಲೆಂದು ಬೆಂಗಳೂರಿಗೆ, ಮಗಳ ಮನೆಗೆ ಬಂದಿದ್ದರು. 19ರ ರಾತ್ರಿ ಕಂಠೀರವದಲ್ಲಿ ಏಷ್ಯಾದ ಕ್ಲಬ್ಬುಗಳು ಆಡುವ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೆಯ ಪಂದ್ಯ. ಎದುರಾಳಿ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್, ಹಿಂದಿನ ವರ್ಷದ ಚಾಂಪಿಯನ್. ಅವರ ಊರಿನಲ್ಲಿ ನಡೆದ ಮೊದಲ ಪಂದ್ಯ 1-1. "ಸರ್, ಬನ್ನಿ" ಎಂದೆ. ಬಂದರು. ನಿವೃತ್ತಿಯಾಗಿ ಎಷ್ಟೋ ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ಇಲ್ಲದ ಅವರನ್ನು ನೋಡುವುದು ನನಗೆ ಅಂದು ಕೂಡ ಹೊಸದೇ.

ಜೊಹೊರ್ ಮೊದಲು ಗೋಲು ಹೊಡೆಯಿತು. ನನ್ನ ಪಕ್ಕದವರೆಲ್ಲ ತಲೆ ಮೇಲೆ ಕೈ ಹೊತ್ತರು. ಸರ್ ಟಿಕೆಟ್ಟಿನ ಹಿಂಬದಿಗೆ ಪೆನ್ಸಿಲಿನಿಂದ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಬಗ್ಗಿ ನೋಡಿದೆ. ಎರಡು ಸಾಲು. ಒಂದರ ಮೇಲೆ "ಜಾ", ಇನ್ನೊಂದರ ಮೇಲೆ "ಹು". ಎರಡನೆಯದು ಆ ವರ್ಷ ಸ್ಪೇನಿನಿಂದ ಬಂದಿದ್ದ ಹುವಾನನ್. ಅವರಿಬ್ಬರಲ್ಲಿ ಯಾರಾದರೂ ಕಾಲು ಹಾಕದೆ, ಬೀಳದೆ, ಬರೀ ನಿಂತ ಜಾಗದಿಂದಲೇ ಎದುರಾಳಿಯ ದಾರಿ ಮುಚ್ಚಿದಾಗಲೆಲ್ಲ ಒಂದು ಗೀಟು. ಸುನಿಲ್ ಛೆಟ್ರಿ ಸಮ ಮಾಡಿದಾಗ ಕ್ರೀಡಾಂಗಣ ಎದ್ದು ನಿಂತಿತು, ಸರ್ ಕೂಡ ಎದ್ದರು, ಕೂತರು, ಮತ್ತೆ ಗೀಟು. ಛೆಟ್ರಿ ಎರಡನೆಯದನ್ನೂ ಹೊಡೆದರು. ಮೂರನೆಯ ಗೋಲು ಹುವಾನನ್ ಹೊಡೆದ. ಆಗ ಮಾತ್ರ ಸರ್ ನನ್ನ ಭುಜ ಹಿಡಿದು ಅಲುಗಿಸಿ, "ಸ್ಟಾಪರ್! ಸ್ಟಾಪರ್ ಹೊಡೆದ ಕಣಯ್ಯ!" ಎಂದು ಕೂಗಿದರು. ಮೂರು ವರ್ಷ ಅವರ ಕೈಕೆಳಗೆ ಆಡಿದ ನಾನು ಅವರ ದನಿ ಅಷ್ಟು ಏರಿದ್ದನ್ನು ಕೇಳಿರಲಿಲ್ಲ. 3-1. ಭಾರತದ ಕ್ಲಬ್ಬೊಂದು ಎಎಫ್‌ಸಿ ಕಪ್ ಫೈನಲ್ ತಲುಪಿದ್ದು ಅದೇ ಮೊದಲು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್‌ಗೆ ಒಂದು ಗೋಲಿನಿಂದ ಸೋತೆವು. ಆ ಟಿಕೆಟ್ ನನ್ನ ಬಳಿ ಇದೆ. ಗೀಟುಗಳು ಮಾಸಿವೆ, ಆದರೆ "ಜಾ" ಸಾಲು ಉದ್ದ ಎಂಬುದು ಇವತ್ತಿಗೂ ಕಾಣುತ್ತದೆ.

2018ರಲ್ಲಿ ಜಾನ್ಸನ್ ಕೋಲ್ಕತ್ತದ ಎಟಿಕೆ ಕ್ಲಬ್ ಸೇರಿದ. ಸರ್‌ಗೆ ಫೋನ್ ಮಾಡಿ ಹೇಳಿದೆ. "ಹೋಗಲಿ, ಅವರಿಗೂ ಒಬ್ಬ ಬೇಕಲ್ಲ" ಎಂದರು.

ನಮ್ಮವರು ಹೊರಗೆ ಹೋಗುವ ಕಥೆ ಇನ್ನೂ ಕಷ್ಟದ್ದು. ಚಂಡೀಗಢದ ಸಂದೇಶ್ ಝಿಂಗನ್ ಯುನೈಟೆಡ್ ಸಿಕ್ಕಿಂನಿಂದ ಶುರುಮಾಡಿ, ಕೇರಳ ಬ್ಲಾಸ್ಟರ್ಸ್‌ನಲ್ಲಿ ಹೆಸರು ಮಾಡಿ, 2017ರಲ್ಲಿ ಎರವಲಾಗಿ ಬಂದು ನಮ್ಮ ಬೆಂಗಳೂರಿಗೂ ಆಡಿದವನು. 2021ರ ಆಗಸ್ಟ್‌ನಲ್ಲಿ ಕ್ರೊಯೇಷ್ಯಾದ ಶಿಬೆನಿಕ್ ಕ್ಲಬ್ಬಿಗೆ ಸಹಿ ಹಾಕಿದ. ಅಲ್ಲಿ ಮೊದಲ ದರ್ಜೆಯ ಲೀಗ್‌ನಲ್ಲಿ ಒಬ್ಬ ಭಾರತೀಯ ಸ್ಟಾಪರ್ ನಿಲ್ಲುತ್ತಾನೆ ಎಂದು ನಾನು ದಿನ ಎಣಿಸಿದ್ದೆ. ತಾಲೀಮಿನಲ್ಲೇ ಗಾಯವಾಯಿತು. ಒಂದು ಪಂದ್ಯವನ್ನೂ ಆಡದೆ 2022ರ ಜನವರಿಯಲ್ಲಿ ಭಾರತಕ್ಕೆ, ಎಟಿಕೆ ಮೋಹನ್ ಬಾಗಾನ್‌ಗೆ ಮರಳಿದ. ಪತ್ರಿಕೆ ಓದಿ ನನಗೆ ನಿಜಕ್ಕೂ ದುಃಖವಾಯಿತು. ಅಷ್ಟು ದೂರ ಹೋಗಿ, ನಿಲ್ಲುವ ಜಾಗದವರೆಗೆ ತಲುಪಿ, ನಿಲ್ಲದೆ ಬರುವುದೆಂದರೆ ಏನೆಂದು ಆ ಜಾಗದಲ್ಲಿ ನಿಂತವರಿಗೆ ಗೊತ್ತು. ಅದೇ ಬೆಳಿಗ್ಗೆ ಭದ್ರಾವತಿಗೆ ಫೋನ್ ಮಾಡಿದೆ. ಸರ್ ಪೂರ್ತಿ ಕೇಳಿಸಿಕೊಂಡರು.

"ಕಾಲು ವಾಸಿಯಾಯಿತಂತೇನು?"

"ಆಗಿದೆ ಅನ್ನುತ್ತಾರೆ ಸರ್. ಇನ್ನು ಕೆಲವು ದಿನಗಳಲ್ಲಿ ಆಡಬಹುದು."

"ಹಾಗಾದರೆ ಸರಿ" ಎಂದು, ಒಂದು ಕ್ಷಣ ಬಿಟ್ಟು ಕೇಳಿದರು, "ಯಾವ ಚಾನೆಲ್‌ನಲ್ಲಿ ಬರುತ್ತದೆ?"