ಮಾತ್ರೆ ಬಗ್ಗೆ ಹೇಳುವ ಮುಂಚೆ ಕಾಫಿ ಎಷ್ಟು ಗಂಟೆಗೆ ಅಂತ ಕೇಳಿ

ನಾನು ಕ್ಯಾನ್ಸರ್ ಡೇ ಕೇರ್‌ನಲ್ಲಿ ನರ್ಸ್. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ತಗೊಳ್ಳುವ ಹಿರಿಯರು ನಮ್ಮಲ್ಲಿಗೆ ದಿನಾ ಬರುತ್ತಾರೆ. ಕೀಮೋ ಇಲ್ಲ, ಬರೀ ಇಂಜೆಕ್ಷನ್ ಮಾತ್ರೆ ಅಂದ ಕೂಡಲೇ ಮನೆಯವರ ಮುಖ ತಿಳಿಯಾಗುತ್ತದೆ. ನಾನು ಎಚ್ಚರವಾಗುವುದು ಅಲ್ಲೇ. ಈ ಔಷಧಿಗಳು ಸರಿಯಾಗಿ ಕೆಲಸ ಮಾಡುವುದು, ತೊಂದರೆ ಕೊಡದೆ ಇರುವುದು, ಎರಡೂ ಮನೆಯ ದಿನಚರಿಯ ಮೇಲೆ ನಿಂತಿದೆ.

ಈ ಕ್ಯಾನ್ಸರ್ ಬೆಳೆಯಲು ಟೆಸ್ಟೋಸ್ಟಿರಾನ್ ಬೇಕು, ಅಂದರೆ ಮುಖ್ಯವಾಗಿ ವೃಷಣದಲ್ಲಿ ತಯಾರಾಗುವ ಗಂಡಸರ ಹಾರ್ಮೋನ್. ಅದನ್ನು ತಡೆದರೆ ರೋಗ ಕುಗ್ಗುತ್ತದೆ ಅಂತ ಶಿಕಾಗೋದ ಡಾಕ್ಟರ್ ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಬಂತು. ಇವತ್ತಿಗೂ ದಾರಿ ಅದೇ. ಕೆಲವರು ಆಪರೇಷನ್ ಮಾಡಿಸಿ ವೃಷಣ ತೆಗೆಸುತ್ತಾರೆ. ಒಂದೇ ಸಲದ ಖರ್ಚು, ತಾರೀಕು ನೆನಪಿಡುವ ಗೋಜಿಲ್ಲ. ಉಳಿದವರಿಗೆ ಇಂಜೆಕ್ಷನ್.

ಲ್ಯೂಪ್ರೊಲೈಡ್, ಗೊಸೆರೆಲಿನ್ ತರಹದ ಇಂಜೆಕ್ಷನ್‌ಗಳಲ್ಲಿ ಒಂದು ವಿಷಯ ಗೊತ್ತಿರಲೇಬೇಕು. ಅವು ಮೊದಲ ಒಂದೆರಡು ವಾರ ಟೆಸ್ಟೋಸ್ಟಿರಾನ್ ಏರಿಸಿ, ಆಮೇಲೆ ಇಳಿಸುತ್ತವೆ. ರೋಗ ಬೆನ್ನುಮೂಳೆಗೆ ಹರಡಿದ್ದರೆ ಈ ಏರಿಕೆಯಿಂದ ಗಡ್ಡೆ ಬೆನ್ನುಹುರಿಯನ್ನು ಒತ್ತುವ ಅಪಾಯ ಇರುತ್ತದೆ. ಅದಕ್ಕೇ ಡಾಕ್ಟರು ಟೆಸ್ಟೋಸ್ಟಿರಾನ್ ಕೆಲಸ ಮಾಡದಂತೆ ತಡೆಯುವ ಬೈಕಲುಟಮೈಡ್ ಮಾತ್ರೆಯನ್ನು ಇಂಜೆಕ್ಷನ್‌ಗೆ ಮುಂಚೆಯೋ ಜೊತೆಗೋ ಶುರು ಮಾಡಿ ಕೆಲವು ವಾರ ಕೊಡುತ್ತಾರೆ. ಡೆಗರೆಲಿಕ್ಸ್ ಅನ್ನುವ ಇನ್ನೊಂದು ಇಂಜೆಕ್ಷನ್‌ಗೆ ಈ ಏರಿಕೆ ಇಲ್ಲ. ನಾನು ಮನೆಯವರಿಗೆ ಬಿಡಿಸಿ ಹೇಳುವುದು ಇಷ್ಟು: ಕಾಲಿಗೆ ಶಕ್ತಿ ಕಡಿಮೆ ಅನಿಸಿದರೆ, ಬೆನ್ನುನೋವು ಹೊಸದಾಗಿ ಬಂದರೆ ಅಥವಾ ಜಾಸ್ತಿಯಾದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿಯೇ ಎಮರ್ಜೆನ್ಸಿಗೆ ಬನ್ನಿ.

ವಿವರಿಸಲು ಜಾಸ್ತಿ ಹೊತ್ತು ಹಿಡಿಯುವುದು ಅಬಿರಾಟೆರೋನ್, ಅಂದರೆ ದೇಹ ಟೆಸ್ಟೋಸ್ಟಿರಾನ್ ತಯಾರಿಸುವುದನ್ನೇ ತಡೆಯುವ ಮಾತ್ರೆ. ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ, ಜೊತೆಗೆ ಪ್ರೆಡ್ನಿಸೊಲೋನ್. ಅಬಿರಾಟೆರೋನ್ ಖಾಲಿ ಹೊಟ್ಟೆಗೆ, ಪ್ರೆಡ್ನಿಸೊಲೋನ್ ತಿಂದ ಮೇಲೆ. ಒಂದೇ ಚೀಟಿಯಲ್ಲಿ ಬರೆದಿರುವುದರಿಂದ ಎರಡನ್ನೂ ಒಟ್ಟಿಗೆ, ತಿಂಡಿ ಆದ ಮೇಲೆ ನುಂಗುವವರೇ ಹೆಚ್ಚು. ಕೊಬ್ಬಿನ ಊಟದ ಜೊತೆ ತಗೊಂಡರೆ ಅಬಿರಾಟೆರೋನ್ ಹತ್ತು ಪಟ್ಟಿನವರೆಗೂ ಜಾಸ್ತಿ ರಕ್ತಕ್ಕೆ ಸೇರಬಹುದು. ಊಟ ಆಗಿ ಎರಡು ಗಂಟೆ ಕಳೆದಿರಬೇಕು, ನುಂಗಿದ ಮೇಲೆ ಒಂದು ಗಂಟೆ ಏನೂ ತಿನ್ನಬಾರದು. ಹಾಲು ಹಾಕಿದ ಕಾಫಿಯೂ ಬೇಡ.

"ಖಾಲಿ ಹೊಟ್ಟೆ" ಅಂತ ಹೇಳಿ ಕಳಿಸಿದರೆ ಸಾಲದು. "ಯಜಮಾನರು ಎಷ್ಟು ಗಂಟೆಗೆ ಏಳ್ತಾರಮ್ಮಾ? ಮೊದಲು ಬಾಯಿಗೆ ಏನು ಹಾಕ್ಕೋತಾರೆ?" ಅಂತ ಕೇಳುತ್ತೇನೆ. "ಅಯ್ಯೋ ಸಿಸ್ಟರ್, ಐದೂವರೆಗೆ ಕಾಫಿ ಇಲ್ಲದಿದ್ರೆ ಮಾತೇ ಆಡಲ್ಲ ಇವರು" ಅಂತಾರೆ. ಸರಿ, ಹಾಗಾದರೆ ಬೆಳಗಿನ ಹೊತ್ತು ಬಿಡೋಣ. ರಾತ್ರಿ ಊಟ ಎಂಟಕ್ಕೆ ಮುಗಿದರೆ ಹತ್ತೂವರೆಗೆ ಮಾತ್ರೆ, ಆಮೇಲೆ ಮಲಗುವಾಗ ಹಾಲು ಬೇಡ. ಡಾಕ್ಟರ ಒಪ್ಪಿಗೆ ಕೇಳಿ ಆ ಸಮಯವನ್ನೇ ಚೀಟಿಯ ಮೇಲೆ ದೊಡ್ಡದಾಗಿ ಬರೆದುಕೊಡುತ್ತೇನೆ. ಕೆಲವರಿಗೆ ಡಾಕ್ಟರೇ ಬೇಕಂತ 250 ಮಿಲಿಗ್ರಾಂನ ಒಂದೇ ಮಾತ್ರೆಯನ್ನು ಕೊಬ್ಬು ಕಡಿಮೆ ಇರುವ ತಿಂಡಿಯ ಜೊತೆ ಕೊಡುತ್ತಾರೆ. ಶಿಕಾಗೋ ವಿಶ್ವವಿದ್ಯಾಲಯದವರು 2018ರಲ್ಲಿ ಇದರ ಸಣ್ಣ ಪ್ರಯೋಗ ಪ್ರಕಟಿಸಿದ್ದರು. ಖರ್ಚು ತುಂಬಾ ಇಳಿಯುತ್ತದೆ. ಆದರೆ ಆ ಲೆಕ್ಕ ಡಾಕ್ಟರದ್ದು. ಪಕ್ಕದ ಬೆಡ್‌ನವರನ್ನು ನೋಡಿ ಮನೆಯಲ್ಲಿ ಬದಲಿಸಬಾರದು.

ಮನೆಯಲ್ಲಿ ಯಾರಿದ್ದಾರೆ ಅಂತಲೂ ಕೇಳುತ್ತೇನೆ. ಹೆರಿಗೆಗೆ ಬಂದ ಮಗಳು ಇದ್ದರೆ ಅಪ್ಪನ ಅಬಿರಾಟೆರೋನ್ ಮಾತ್ರೆ ಅವಳು ಬರಿಗೈಲಿ ತೆಗೆದುಕೊಡುವುದು ಬೇಡ. ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ.

ಪ್ರೆಡ್ನಿಸೊಲೋನ್ ಸ್ಟಿರಾಯ್ಡ್ ಅಂತ ಯಾರೋ ಹೆದರಿಸಿದ್ದಕ್ಕೆ ಸುಮ್ನೆ ನಿಲ್ಲಿಸಿಬಿಡುವವರಿದ್ದಾರೆ. ಅದು ಇರುವುದೇ ಅಬಿರಾಟೆರೋನ್‌ನಿಂದ ಬಿಪಿ ಏರದಂತೆ, ಪೊಟ್ಯಾಸಿಯಂ ಇಳಿಯದಂತೆ, ಕಾಲು ಊದದಂತೆ ನೋಡಿಕೊಳ್ಳಲು. ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ತೊಂದರೆ ಆಗಬಹುದು. ಅಬಿರಾಟೆರೋನ್ ತಗೊಳ್ಳುವವರಿಗೆ ಲಿವರ್ ರಕ್ತಪರೀಕ್ಷೆ ಮೊದಲ ಮೂರು ತಿಂಗಳು ಎರಡು ವಾರಕ್ಕೊಮ್ಮೆ ಆಗಬೇಕು. ಬೇರೆ ಏನೇ ತಗೊಳ್ಳುತ್ತಿದ್ದರೂ, ಕಷಾಯದ ಪುಡಿಯಾದರೂ ಸರಿ, ಚೀಲಕ್ಕೆ ಹಾಕಿಕೊಂಡು ಬನ್ನಿ ಅಂತೀನಿ.

ಇನ್ನೊಂದು, ಗಂಡಸರು ಬಾಯಿಬಿಡದ ಕಷ್ಟಗಳು. ಇದ್ದಕ್ಕಿದ್ದಂತೆ ಮೈ ಬಿಸಿಯಾಗಿ ಬೆವರುವುದು, ಎದೆ ಊದಿ ನೋಯುವುದು, ಆಸೆ ಹೋಗುವುದು, ಕಾರಣವಿಲ್ಲದೆ ಅಳು ಬರುವುದು. ನನ್ನ ಮುಂದೆ ಹೇಳಲು ಅವರಿಗೆ ನಾಚಿಕೆ. ಹಾಗಾಗಿ ನಾನೇ ಮೊದಲು ಹೇಳುತ್ತೇನೆ: ಇದು ಔಷಧಿಯಿಂದ, ನಿಮ್ಮ ಗಂಡಸ್ತನಕ್ಕೆ ಕುಂದಲ್ಲ, ಇದಕ್ಕೆ ಪರಿಹಾರ ಕೇಳಬಹುದು. ಎಷ್ಟೋ ಜನ ಆಗ ಕುರ್ಚಿ ಹತ್ತಿರ ಎಳೆದುಕೊಂಡು ಮಾತಾಡುತ್ತಾರೆ. ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ, ಶುಗರ್ ಏರುತ್ತದೆ. ನಡಿಗೆ ಬಿಡಬೇಡಿ, ಬಚ್ಚಲಲ್ಲಿ ಜಾರದಂತೆ ನೋಡಿಕೊಳ್ಳಿ, ಮೂಳೆಯ ಸ್ಕ್ಯಾನ್ ಬಗ್ಗೆ ಕೇಳಿ. ಮೊದಲೇ ಹೃದಯದ ತೊಂದರೆ ಇದ್ದರೆ ಡಾಕ್ಟರಿಗೆ ತಿಳಿಸಲೇಬೇಕು.

ಕೊನೆಗೆ ತಾರೀಕು. ಗೊಸೆರೆಲಿನ್ 3.6 ಮಿಲಿಗ್ರಾಂ ಆದರೆ 28 ದಿನಕ್ಕೆ, 10.8 ಆದರೆ 12 ವಾರಕ್ಕೆ. "ಪಿಎಸ್‌ಎ ಇಳಿದಿದೆ, ನೋವೂ ಇಲ್ಲ, ಹಬ್ಬ ಮುಗಿಸಿ ಬರ್ತೀವಿ ಸಿಸ್ಟರ್" ಅಂತ ಫೋನ್ ಬರುತ್ತದೆ. ಪಿಎಸ್‌ಎ ಅಂದರೆ ಈ ರೋಗದ ಏರಿಳಿತ ತೋರಿಸುವ ರಕ್ತಪರೀಕ್ಷೆ. ಅದು ಇಳಿದಿರುವುದು ಇಂಜೆಕ್ಷನ್‌ನಿಂದಲೇ ಅಲ್ವಾ? ಕೆಲವರಿಗೆ ಮಧ್ಯೆ ಬಿಡುವು ಕೊಡುವುದು ಉಂಟು, ಅದನ್ನು ಡಾಕ್ಟರು ಪಿಎಸ್‌ಎ ನೋಡುತ್ತಾ ನಿರ್ಧರಿಸುತ್ತಾರೆ. ಹಾಗಾಗಿ ಮುಂದಿನ ಇಂಜೆಕ್ಷನ್ ದಿನವನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಲು ಹೇಳುತ್ತೇನೆ. ಊರಿಗೆ ಹೋಗುವುದಿದ್ದರೆ ಒಂದು ವಾರ ಮೊದಲೇ ಫೋನ್ ಮಾಡಿ ಅಂತಲೂ ಹೇಳಿ ಕಳಿಸುತ್ತೇನೆ.