ಹಸಿರು ಉಂಗುರ

ಇವತ್ತು ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಇಷ್ಟೇ: ಕೋಶದ ಅಂಚಿಗೆ ಒಂದು ಹಸಿರು ಉಂಗುರ, ಬಣ್ಣ ಕಟ್ಟಿದ ಪ್ರತಿಕಾಯದ್ದು. 37 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟ ಮೇಲೂ ಒಳಗೆ ಚುಕ್ಕೆಗಳು ಬೆರಳೆಣಿಕೆಯಷ್ಟು.

ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿ ತುಂಬಿರುವ ಗ್ರಾಹಕ ಪ್ರೋಟೀನ್, ಹರ್-2 ರಿಸೆಪ್ಟರ್, ಹಾಗೇ. ಪ್ರತಿಕಾಯ ಬಂದು ಅಂಟಿಕೊಂಡರೂ ಅಷ್ಟು ಸುಲಭಕ್ಕೆ ಕದಲಲ್ಲ. ಒಳಗೆ ಹೋದದ್ದರಲ್ಲೂ ಬಹುಪಾಲು ಎಂಡೋಸೋಮಿನ (ಕೋಶ ಒಳಗೆಳೆದದ್ದನ್ನು ಹೊರುವ ಚೀಲ) ತನಕ ಹೋಗಿ ಮತ್ತೆ ಮೇಲ್ಮೈಗೆ ವಾಪಸ್.

ಪ್ರತಿಕಾಯಕ್ಕೆ ಮದ್ದನ್ನು ಕೊಂಡಿ ಹಾಕಿ ಕೋಶದೊಳಗೆ ಕಳಿಸುವ ಔಷಧಿಗೆ ಇದೇ ತಲೆನೋವು. ಅಂಥದ್ದೇ ಒಂದು, ಟ್ರಾಸ್ಟುಜುಮಾಬ್ ಎಮ್ಟಾನ್ಸಿನ್‌ನ ಕೊಂಡಿ ತಾನಾಗಿ ಕಡಿಯೋದಲ್ಲ. ಲೈಸೋಸೋಮ್ (ಕೋಶದ ಜೀರ್ಣ ಚೀಲ) ತಲುಪಿ, ಪ್ರತಿಕಾಯವೇ ಪೂರ್ತಿ ಜೀರ್ಣವಾಗಬೇಕು. ಆಮೇಲೂ ಮದ್ದು ಹೊರಬೀಳೋದು ಲೈಸಿನ್ ಎಂಬ ಅಮೈನೋ ಆಮ್ಲದ ಬಾಲ ಹೊತ್ತುಕೊಂಡೇ, ಹಾಗಾಗಿ ಪಕ್ಕದ ಕೋಶಕ್ಕೆ ದಾಟೋದು ಕಷ್ಟ.

ಅದೇ ಬಗೆಯ ಇನ್ನೊಂದು ಔಷಧಿ, ಟ್ರಾಸ್ಟುಜುಮಾಬ್ ಡೆರುಕ್ಸ್ಟೆಕಾನ್‌ನದ್ದು ಜಾಣ ಕೊಂಡಿ. ನಾಲ್ಕು ಅಮೈನೋ ಆಮ್ಲ, ಲೈಸೋಸೋಮಿನ ಕಿಣ್ವ ಕ್ಯಾಥೆಪ್ಸಿನ್ ಕತ್ತರಿಸುತ್ತೆ. ಒಂದು ಪ್ರತಿಕಾಯಕ್ಕೆ ಸುಮಾರು 8 ಅಣು ಮದ್ದು. ಎಮ್ಟಾನ್ಸಿನ್‌ನಲ್ಲಿ ಸರಾಸರಿ 3.5. ಬಿಡುಗಡೆಯಾದದ್ದು ಪೊರೆ ದಾಟಿ, ಹರ್-2 ಇಲ್ಲದ ನೆರೆಕೋಶವನ್ನೂ ಮುಟ್ಟುತ್ತೆ.

ಅಂದಹಾಗೆ, ಚಿತ್ರ ನೋಡಿ "ಒಳಗೆ ಹೋಯ್ತು" ಅನ್ನೋ ಮೊದಲು ಒಂದು ಮಾತು. 4 ಡಿಗ್ರಿಯಲ್ಲಿ ಅಂಟಿಸಿ, ಆಮೇಲೆ ಬೆಚ್ಚಗೆ ಮಾಡಿ, ಕೊನೆಗೆ ಹೊರಗೆ ಅಂಟಿದ್ದು ಕಳಚುವಂತೆ ಐಸ್ ಮೇಲೆ ಪಿಎಚ್ 2.5–3ರ ಆಮ್ಲೀಯ ಗ್ಲೈಸಿನ್‌ನಲ್ಲಿ ತೊಳೆದಿದ್ದೀರಾ? ಇಲ್ಲದಿದ್ದರೆ ಹೊರಗಿನದೇ ಒಳಗಿನ ಲೆಕ್ಕಕ್ಕೆ ಸೇರುತ್ತೆ. ಬೆಚ್ಚಗೆ ಮಾಡದ, ಹಾಗಾಗಿ ಏನೂ ಒಳಗೆ ಹೋಗಿರದ ಕಂಟ್ರೋಲ್‌ನಲ್ಲಿ ತೊಳೆದ ಮೇಲೂ ಹಸಿರು ಉಳಿದಿದ್ದರೆ, ತೊಳೆದದ್ದು ಸಾಲದು.

ಪ್ರತಿಕಾಯಕ್ಕೆ ಕಟ್ಟಿದ ಹಸಿರು ಬಣ್ಣ ಫ್ಲೋರಿಸಿನ್ ಆಗಿದ್ದರೆ ತಪ್ಪು ಉಲ್ಟಾ. ಲೈಸೋಸೋಮಿನ ಪಿಎಚ್ 4.5–5, ಅಲ್ಲಿ ಅದು ಮಂಕಾಗಿಬಿಡುತ್ತೆ. ಸರಿಯಾದ ಜಾಗ ಮುಟ್ಟಿದ್ದೇ ಕಣ್ಣಿಗೆ ಬೀಳಲ್ಲ.

ಈ ಉಂಗುರದ ಬಣ್ಣವೂ ಫ್ಲೋರಿಸಿನ್ನೇ. ನಾಳೆ ಆಮ್ಲಕ್ಕೆ ಜಗ್ಗದ ಬಣ್ಣ ಹಾಕಿ ಇನ್ನೊಮ್ಮೆ.