ಕುಂಬ್ಳೆ ಎದುರಿಗೆ ಅಕ್ಟೋಬರ್ 74

1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು. 10/74, ಅಂದರೆ 74 ರನ್ನಿಗೆ 10 ವಿಕೆಟ್. ಕ್ರಿಕೆಟ್ ನೋಡುವವರಿಗೆಲ್ಲ ಬಾಯಿಪಾಠ. ನಮ್ಮ ಎಕ್ಸೆಲ್ ಶೀಟಿನಲ್ಲಿ ಮಾತ್ರ ಅದು ಅಕ್ಟೋಬರ್ 74 ಎಂದು ಕೂತಿತ್ತು. ನಾವು ಅದನ್ನು ನೋಡಿದ್ದೆವು. ನೋಡಿ ಮುಂದೆ ಹೋಗಿದ್ದೆವು.

ನಮ್ಮದು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಸಣ್ಣ ಆಫೀಸು. ಬೆಂಗಳೂರಿನವರು ಮಾಡುವ ಕ್ರಿಕೆಟ್ ಮ್ಯಾನೇಜ್‌ಮೆಂಟ್ ಗೇಮಿಗೆ ಆಟಗಾರರ ಡೇಟಾ ತುಂಬಿ ಕೊಡುತ್ತೇವೆ. ಆ ಸಲ ಹಳೆಯ ಟೆಸ್ಟ್ ಆಟಗಾರರ ಪ್ಯಾಕ್. ಶುಕ್ರವಾರ ಸಂಜೆ ಬಿಲ್ಡ್, ಅಂದರೆ ಗೇಮಿನ ತಯಾರಾದ ಪ್ರತಿ, ಹೋಗಬೇಕು. ಜುಲೈ ಮಳೆ, ಕರೆಂಟ್ ಬಂದು ಹೋಗಿ ಮಾಡುತ್ತಿತ್ತು, ಯುಪಿಎಸ್ ಕೀಂ ಕೀಂ ಅನ್ನುತ್ತಿತ್ತು.

ಗೇಮಿನಲ್ಲಿ ಪರೀಕ್ಷೆಗೆಂದು ಮ್ಯಾಚ್ ಓಡಿಸಿದರೆ ಯಾವ ತಂಡವೂ ಅರುವತ್ತು ದಾಟುತ್ತಿಲ್ಲ. ಇಡೀ ಟೆಸ್ಟ್ ಜೀವನದಲ್ಲಿ ಒಂದೇ ವಿಕೆಟ್ ತೆಗೆದ ಗವಾಸ್ಕರ್ ಇಲ್ಲಿ ಏಳು ವಿಕೆಟ್ ತೆಗೆದು ಮ್ಯಾನ್ ಆಫ್ ದಿ ಮ್ಯಾಚ್. ತಮಾಷೆ ಅಂದರೆ, ಬೌಲಿಂಗಿನಲ್ಲಿ ಡಲ್ ಹೊಡೆಯುತ್ತಿದ್ದವರು ಒಬ್ಬರೇ, ಸುಭಾಷ್ ಗುಪ್ತೆ. ನಿಜದಲ್ಲಿ ಎಂಥ ಸ್ಪಿನ್ನರ್ ಆತ!

ಬೆಂಗಳೂರಿನ ಡೆವಲಪರ್ ಫೋನಿನಲ್ಲಿ, "ಡೇಟಾ ಒಂದ್ಸಲ ನೋಡಿ" ಅಂದರು. ನಾನು ಪಟ್ಟು ಬಿಡಲಿಲ್ಲ. ಶೀಟ್ ಎರಡು ಕೈ ದಾಟಿ ಬಂದಿದೆ, ಎಲ್ಲ ಸೆಲ್ ತುಂಬಿದೆ, ಒಂದೇ ಒಂದು ಎರರ್ ಇಲ್ಲ. ನಿಮ್ಮ ಗೇಮಿನ ಎಂಜಿನ್ನಿನಲ್ಲೇ ಪಿಚ್ ಬೌಲರಿಗೆ ಕೊಡುವ ನೆರವು ಜಾಸ್ತಿ ಆಗಿದೆ ಎಂದು ವಾದಿಸಿದೆ. ಅವರು ಬೇಸತ್ತು ಬೌಲಿಂಗ್ ವೇಟ್, ಅಂದರೆ ಲೆಕ್ಕದಲ್ಲಿ ಬೌಲಿಂಗಿಗಿರುವ ತೂಕ, ಇಳಿಸಿದರು. ಸ್ಕೋರು 250ರ ಸುತ್ತ ಬರತೊಡಗಿತು. ಎಲ್ಲರಿಗೂ ಖುಷಿ. ಮ್ಯಾನೇಜರು ಕ್ಲೈಂಟಿಗೆ "ಆಲ್ ಗುಡ್" ಎಂದು ಮೆಸೇಜನ್ನೂ ಹಾಕಿಬಿಟ್ಟರು.

ಈಗ ಯೋಚಿಸಿದರೆ ಮೈ ಉರಿಯುವುದು ಆ ಅರ್ಧ ಗಂಟೆ ನೆನೆದೇ. ಸ್ಕೋರು ಸರಿ ಕಂಡಿತು ಅಷ್ಟೆ. ಒಳಗೆ ಕುಂಬ್ಳೆಗೂ ಗವಾಸ್ಕರಿಗೂ ಒಂದೇ ರೇಟಿಂಗ್. ಕೆಳದರ್ಜೆಯ ಗೊರಬಲು ಅಡಿಕೆಯನ್ನೂ ಮೇಲ್ದರ್ಜೆಯ ಸರಕಿನ ರೇಟಿಗೆ ತೂಗಿ, ಒಟ್ಟು ಮೊತ್ತ ಹೊಂದುವಂತೆ ತಕ್ಕಡಿ ತಿದ್ದಿದ ಹಾಗೆ.

ಆಗ ಬಂದವರು ನಮ್ಮ ಅಕೌಂಟೆಂಟ್ ಸರ್. ಭದ್ರಾವತಿಯವರು. ಯಾವುದೋ ವೋಚರಿಗೆ ನನ್ನ ಸಹಿ ಬೇಕಿತ್ತು. ನಾನು ಪೆನ್ನು ಹುಡುಕುವಷ್ಟರಲ್ಲಿ ಸ್ಕ್ರೀನಿಗೆ ಬಗ್ಗಿದರು.

"ಎಂಥ ಮಾರಾಯ ಇದು, ಕುಂಬ್ಳೆ ಎದುರಿಗೆ ಅಕ್ಟೋಬರ್ 74?"

"ಅದು ಬೆಸ್ಟ್ ಬೌಲಿಂಗ್ ಮಾಡಿದ ತಿಂಗಳು ಸರ್."

"ಕುಂಬ್ಳೆ ಹುಟ್ಟಿದ್ದೇ 70ರ ಅಕ್ಟೋಬರಿನಲ್ಲಿ. ನಾಲ್ಕು ವರ್ಷ ತುಂಬೋ ಮೊದಲೇ ಯಾರಿಗೆ ಬೌಲಿಂಗ್ ಮಾಡಿದ?"

ನಾನು ಹಾಗೆ ಅಂದುಕೊಂಡಿದ್ದಕ್ಕೂ ಕಾರಣ ಇತ್ತು. ಶೀಟಿನಲ್ಲಿ ಮೊದಲು ಕಣ್ಣಿಗೆ ಬಿದ್ದವರು ಕಪಿಲ್ ದೇವ್. 1983ರಲ್ಲಿ ಅಹಮದಾಬಾದಿನಲ್ಲಿ 83ಕ್ಕೆ 9. 9/83 ಎಂದು ಟೈಪ್ ಮಾಡಿದ್ದನ್ನು ಎಕ್ಸೆಲ್ ಒಂಬತ್ತನೇ ತಿಂಗಳು ಅಂದುಕೊಂಡು ಸೆಪ್ಟೆಂಬರ್ 83 ಮಾಡಿತ್ತು. ಪಕ್ಕದಲ್ಲಿ ಪ್ರಸನ್ನ. 1976ರಲ್ಲಿ ಆಕ್ಲೆಂಡಿನಲ್ಲಿ 76ಕ್ಕೆ 8, ಅದು ಆಗಸ್ಟ್ 76. ಇಬ್ಬರಲ್ಲೂ ಇಸವಿ ಸರಿಯಾಗಿ ಕೂತಿದೆ! ಹಾಗಾಗಿ ಇದು ತಾರೀಖಿನ ಕಾಲಂ ಎಂದು ತೀರ್ಮಾನಿಸಿ ಕೆಳಗೆ ಸ್ಕ್ರಾಲ್ ಮಾಡಿದ್ದೆ. ಕಾಲಂ ತಲೆ ಮೇಲೆ ಬಿಬಿಐ (ಒಂದು ಇನ್ನಿಂಗ್ಸಿನ ಬೆಸ್ಟ್ ಬೌಲಿಂಗ್) ಎಂದು ದೊಡ್ಡದಾಗಿ ಬರೆದಿತ್ತು, ಅದು ಬೇರೆ ಮಾತು.

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ಎಕ್ಸೆಲ್‌ಗೆ ತಾರೀಖು ಅಂದರೆ ಒಂದು ನಂಬರು. 1974ರ ಅಕ್ಟೋಬರ್ 1 ಅಂದರೆ 27303. ಶೀಟನ್ನು ಗೇಮಿಗೆ ತುಂಬುವ ನಮ್ಮ ಇಂಪೋರ್ಟ್ ಸ್ಕ್ರಿಪ್ಟು ಓರೆಗೆರೆ (/) ಹುಡುಕುತ್ತದೆ. ಸಿಗದಿದ್ದರೆ ಇಡೀ ನಂಬರನ್ನೇ ವಿಕೆಟ್ ಎಂದು ತಗೊಂಡು 99ಕ್ಕೆ ಕತ್ತರಿಸುತ್ತದೆ. ಕುಂಬ್ಳೆ 99, ಗವಾಸ್ಕರ್ 99. ಗುಪ್ತೆಯ ಬೆಸ್ಟ್ 9/102. 102 ಎಂಬ ಇಸವಿಯನ್ನು ಎಕ್ಸೆಲ್ ಒಪ್ಪುವುದಿಲ್ಲ, ಅದಕ್ಕೇ ಮುಟ್ಟಲಿಲ್ಲ. ಪಾಪ, ಡೇಟಾ ಸರಿ ಇದ್ದದ್ದಕ್ಕೆ ಅವರೊಬ್ಬರಿಗೆ ಬರೀ 9.

ಫಾರ್ಮುಲಾ ಹಾಕಿ ವಾಪಸ್ ತಿರುಗಿಸೋಣ ಅಂತ ಹೊರಟೆವು. ಅಲ್ಲೂ ಗುಂಡಿ. ರನ್ನು 12ರ ಒಳಗಿದ್ದರೆ ಅದು ದಿನ ಮತ್ತು ತಿಂಗಳು. ಜಾಸ್ತಿ ಇದ್ದರೆ ತಿಂಗಳು ಮತ್ತು ಇಸವಿ. 2025ರಲ್ಲಿ ಕೂತು 1/5 ಎಂದು ಟೈಪ್ ಮಾಡಿದರೆ ಅದು ಮೇ 1, 2025. 5/25 ಎಂದರೂ ಅದೇ ಮೇ 1, 2025. ಒಳಗಿನ ನಂಬರು ಎರಡಕ್ಕೂ 45778. ಐದು ರನ್ನಿಗೆ ಒಂದು ವಿಕೆಟ್ ತೆಗೆದವನೂ, 25ಕ್ಕೆ ಐದು ತೆಗೆದವನೂ ಒಂದೇ. ಸೆಲ್ಲಿನ ಫಾರ್ಮ್ಯಾಟ್ ಉಳಿದಿದ್ದರೆ ಬೇರೆ ಮಾಡಬಹುದಿತ್ತು. ನಮ್ಮವರು ಇಡೀ ಕಾಲಂಗೆ ಒಂದೇ ತಿಂಗಳು-ಇಸವಿ ಫಾರ್ಮ್ಯಾಟ್ ಹಾಕಿ ಅದನ್ನೂ ಒರೆಸಿಹಾಕಿದ್ದರು. ಮೂಲ ಶೀಟಿನಿಂದ ಮತ್ತೆ ಹೊಡೆಯದೆ ಬೇರೆ ದಾರಿ ಇರಲಿಲ್ಲ.

ಈ ಸಲ ವಿಕೆಟ್ಟಿಗೆ ಒಂದು ಕಾಲಂ, ರನ್ನಿಗೆ ಒಂದು ಕಾಲಂ. ಮೊದಲೇ ಹೀಗೆ ಇಡಿ ಎಂದು ಜೂನಿಯರ್ ಹುಡುಗಿ ಹೇಳಿದ್ದಳಂತೆ. ಕ್ಲೈಂಟ್ ಫಾರ್ಮ್ಯಾಟ್ ಮುಟ್ಟಬೇಡಿ ಎಂದು ಮೇಲಿನಿಂದ ಬಂದಿತ್ತಂತೆ.

ಅಕೌಂಟೆಂಟ್ ಸರ್ ಮಾತ್ರ ಎದ್ದು ಹೋಗಲಿಲ್ಲ. "ನಮ್ಮೂರ ವಿಶಿದು ತೋರಿಸು" ಅಂದರು. ಗುಂಡಪ್ಪ ವಿಶ್ವನಾಥ್ ಆವರೇಜ್ 39.23 ಎಂದಿತ್ತು. ಸರ್ ಮುಖ ಕೆಂಪಾಯಿತು. "41.93! ಇದು ಭದ್ರಾವತಿಯಲ್ಲಿ ಯಾರನ್ನು ಕೇಳಿದರೂ ಹೇಳ್ತಾರೆ." ಅವರು ಹೇಳಿದ್ದೇ ಸರಿ. 6080 ರನ್, 155 ಇನ್ನಿಂಗ್ಸ್, 10 ಸಲ ನಾಟ್ ಔಟ್. ಭಾಗಿಸಬೇಕಾದ್ದು 145ರಿಂದ. ನಾಟ್ ಔಟ್ ಕಾಲಂ ಖಾಲಿ ಇತ್ತು, ಫಾರ್ಮುಲಾ ಸುಮ್ನೆ 155ರಿಂದ ಭಾಗಿಸಿತ್ತು. ಖಾಲಿ ಆಗಿದ್ದು ಹೇಗೆ ಗೊತ್ತಾ? ನಾಟ್ ಔಟ್ ನಕ್ಷತ್ರ ತೆಗೆಯಲು ಯಾರೋ * ಹುಡುಕಿ ರಿಪ್ಲೇಸ್ ಆಲ್ ಒತ್ತಿದ್ದರು. ಎಕ್ಸೆಲ್‌ಗೆ * ಅಂದರೆ ಏನಾದರೂ ಸರಿ ಎಂದರ್ಥ. ಆರಿಸಿಟ್ಟ ಕಾಲಂ ಪೂರ್ತಿ ಗುಡಿಸಿಹಾಕಿತು. ನಕ್ಷತ್ರಕ್ಕೆ ಮೊದಲು ~ ಸೇರಿಸಿ ~* ಎಂದು ಹುಡುಕಬೇಕಿತ್ತು.

ಓವರುಗಳದ್ದು ಇನ್ನೊಂದು ಕಥೆ. 3.4 ಓವರಿಗೆ 2.4 ಕೂಡಿದರೆ ಎಕ್ಸೆಲ್ 5.8 ಅನ್ನುತ್ತದೆ. ಇಲ್ಲಿ ಚುಕ್ಕೆಯ ನಂತರದ್ದು ಬಾಲ್, ಆರು ಬಾಲಿಗೆ ಒಂದು ಓವರ್. ನಿಜವಾದ ಉತ್ತರ 6.2. ಈಗ ಎಲ್ಲವನ್ನೂ ಬಾಲ್ ಲೆಕ್ಕದಲ್ಲೇ ಇಡುತ್ತೇವೆ.

ಇದು ನಮ್ಮೊಬ್ಬರ ಗೋಳಲ್ಲ ಎಂಬುದಷ್ಟೇ ಸಮಾಧಾನ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಜೀನ್‌ಗಳನ್ನು ಎಕ್ಸೆಲ್ ತಾರೀಖು ಮಾಡುತ್ತದೆ ಎಂದು ವಿಜ್ಞಾನಿಗಳು 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿದರು. ಮೈಕ್ರೋಸಾಫ್ಟ್ ಈ ತಾನಾಗಿ ಬದಲಿಸುವ ಚಾಳಿ ಆಫ್ ಮಾಡುವ ಸೌಲಭ್ಯ ಕೊಟ್ಟಿದ್ದು 2023ರಲ್ಲಿ. ನಮ್ಮ ಆಫೀಸಿನ ಎಕ್ಸೆಲ್ ಅದಕ್ಕಿಂತ ಹಳೆಯದು. ಹೊಸದು ಕೇಳಿದರೆ "ಇದರಲ್ಲೂ ರೋ, ಕಾಲಂ ಇದೆಯಲ್ಲ" ಅನ್ನುತ್ತಾರೆ.

ಬಿಲ್ಡ್ ಸೋಮವಾರ ಹೋಯಿತು. ಡೆವಲಪರ್ ಇಳಿಸಿದ ಬೌಲಿಂಗ್ ವೇಟನ್ನು ಸದ್ದಿಲ್ಲದೆ ಮೊದಲಿನಂತೆ ಮಾಡಿದರು. ನನಗೆ ಒಂದು ಮಾತೂ ಅನ್ನಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮ್ಯಾನೇಜ್‌ಮೆಂಟ್ ಕಡೆಯಿಂದ "ಡೇಟಾ ಎಂಟ್ರಿಯವರು ಎಚ್ಚರ ವಹಿಸತಕ್ಕದ್ದು" ಎಂದು ಮೇಲ್ ಬಂತು. ಸ್ಕ್ರಿಪ್ಟಿನಲ್ಲಿ ವಿಕೆಟ್ 10ಕ್ಕಿಂತ ಜಾಸ್ತಿ ಬಂದರೆ ನಿಲ್ಲಿಸಿ ಎಂದು ನಾನು ಹಾಕಿದ ಮೇಲ್‌ಗೆ ಉತ್ತರ ಇನ್ನೂ ಬಂದಿಲ್ಲ.

ಈಗ ಕಬಡ್ಡಿ ಶೀಟ್ ಬಂದಿದೆ. ಸ್ಕೋರು 12-10 ಎಂದು ಹಾಕಿದರೆ ತಾರೀಖಾಗುತ್ತದೆ ಎಂದು ಮೊದಲೇ ತಿಳಿಸಿದ್ದೆ. ಕ್ಲೈಂಟ್ ಕಡೆಯವರು ಬಹಳ ಮುತುವರ್ಜಿಯಿಂದ ಎಲ್ಲ ಡ್ಯಾಶ್ ತೆಗೆದು 12:10 ಎಂದು ಮಾಡಿ ಕಳಿಸಿದ್ದಾರೆ. ಎಕ್ಸೆಲ್ ಪ್ರಕಾರ ಈಗ ಅದು ಮಧ್ಯಾಹ್ನ ಹನ್ನೆರಡು ಗಂಟೆ ಹತ್ತು ನಿಮಿಷ.